ಗೋದಲಿಯ ಲೆಕ್ಕ

ಹೈನಿನ ಲಾಭವು ಹಾಲು ಹಿಂಡುವ ಕೈಗಿಂತ ಮೇವು ಹಾಕುವ ಕೈಯನ್ನೇ ಹೆಚ್ಚಾಗಿ ಅವಲಂಬಿಸಿದೆ. ಹೈನುಗಾರಿಕೆಯ ಒಟ್ಟು ಖರ್ಚಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 60ರಿಂದ 70 ಪಾಲು ಮೇವು-ಹಿಂಡಿಗೇ ಸಲ್ಲುವುದರಿಂದ, ಗೋದಲಿಯಲ್ಲಿ ದಿನವೂ ಆಗುವ ಸಣ್ಣ ತಪ್ಪು ತಿಂಗಳ ಕೊನೆಗೆ ದೊಡ್ಡ ನಷ್ಟವಾಗಿ ಪರಿಣಮಿಸುತ್ತದೆ.

ಕಲಬುರಗಿ ನಗರದಲ್ಲಿ ಎಮ್ಮೆ ಕಟ್ಟಿದವರಿಗೆ ಹುಲ್ಲುಕಡ್ಡಿಯೂ ಕೊಂಡದ್ದೇ. ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರದ ರೈತನಿಗಾದರೋ ಹೊಲದ ಜೋಳದ ಕಣಿಕೆ, ತೊಗರಿಯ ಹೊಟ್ಟು, ಗಾಯರಾಣದ ಹುಲ್ಲು ಇವೆ. ಆದರೆ ಗಾಯರಾಣವು ಮಳೆಗಾಲದ ನೆಂಟ. ಬೇಸಿಗೆಯಲ್ಲಿ ಬರಡು ನೆಲದ ಮೇಲೆ ದಿನವಿಡೀ ಅಲೆಯುವ ಹಸು ತಾನು ಮೇದ ಅಲ್ಪಸ್ವಲ್ಪವನ್ನೂ ನಡೆದೇ ಕಳೆಯುತ್ತದೆ. ಆದಕಾರಣ ಆ ದಿನಗಳಲ್ಲಿ ತಂಪು ಹೊತ್ತಿನಲ್ಲಿ ಮಾತ್ರ ಮೇಯಲು ಬಿಟ್ಟು, ಉಳಿದ ಹೊತ್ತು ಕೊಟ್ಟಿಗೆಯಲ್ಲಿ ಮೇವು ನೀರು ಒದಗಿಸುವುದೇ ಲೇಸು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಎಂಬುದನ್ನು ಮರೆಯಲಾಗದು.

ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನವು ಎಲೆಯನ್ನು ತಿಂದು ದಂಟನ್ನು ತುಳಿಯುತ್ತದೆ. ಕತ್ತರಿಸಿ ಹಾಕಿದರೆ ಬಣವೆಯು ಹೆಚ್ಚು ದಿನ ಬಾಳುತ್ತದೆ. ಕಣಿಕೆಯಲ್ಲಿ ಸಸಾರಜನಕ ಕಡಿಮೆ. ತೊಗರಿಯ ಹೊಟ್ಟು ಮತ್ತು ಕಲಬುರಗಿಯ ಬೇಳೆ ಗಿರಣಿಗಳಲ್ಲಿ ಉಳಿಯುವ ಚುನ್ನಿಯನ್ನು ಬೆರೆಸಿ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಬಹುದು.

ಇನ್ನು ಹಿಂಡಿಯ ಮಾತು. ಹಸುವಿನ ದೇಹಪೋಷಣೆಗೆ ದಿನಕ್ಕೆ ಸುಮಾರು 1½ ಕಿಲೋ, ಅದರ ಮೇಲೆ ಪ್ರತಿ 2½ ಲೀಟರ್ ಹಾಲಿಗೆ 1 ಕಿಲೋ ದಾಣಿ ಮಿಶ್ರಣ ಬೇಕೆಂಬುದು ರೂಢಿಯ ಅಳತೆ. ಒಂದೇ ಕೊಟ್ಟಿಗೆಯಲ್ಲಿ 5 ಲೀಟರಿನ ಹಸುವೊಂದು, 10 ಲೀಟರಿನ ಹಸುವೊಂದು ಇವೆಯೆನ್ನೋಣ. ಮೊದಲನೆಯದಕ್ಕೆ 3½ ಕಿಲೋ, ಎರಡನೆಯದಕ್ಕೆ 5½ ಕಿಲೋ ಬೇಕು. ಮನೆಯವರು ಭೇದವೇಕೆಂದು ಎರಡಕ್ಕೂ 4½ ಕಿಲೋ ಹಾಕಿದರೆ ಖರ್ಚು ಅಷ್ಟೇ. ಆದರೆ ಮೊದಲನೆಯ ಹಸು ತಿಂಗಳಿಗೆ 30 ಕಿಲೋ ದಾಣಿಯನ್ನು ಕೊಬ್ಬಾಗಿಸಿಕೊಳ್ಳುತ್ತದೆ, ಎರಡನೆಯದು ಮೊದಲು ಮೈಯಿಳಿದು, ಬಳಿಕ ಹಾಲಿಳಿಸುತ್ತದೆ. ಹೆಚ್ಚು ಕೊಡುವ ಹಸುವೇ ಹಸಿದಿರುವುದು ಹೀಗೆ. ಸಮಪಾಲು ಮನೆಯ ಮಕ್ಕಳಿಗೆ ನ್ಯಾಯ. ಗೋದಲಿಯಲ್ಲಿ ಅದು ನಷ್ಟ.

ಉಳಿತಾಯದ ಆಸೆಯಿಂದ ಒದಗುವ ಅಪಾಯವೂ ಒಂದುಂಟು. ಕೊಯ್ದ ಜೋಳದ ಕೂಳೆಯಿಂದ ಚಿಗುರಿದ ಎಳೆಯ ಪೈರಿನಲ್ಲಿ, ಮಳೆಯಿಲ್ಲದೆ ಬಾಡಿದ ಎಳೆ ಜೋಳದಲ್ಲಿ, ಸಯನೈಡ್ ವಿಷವಿರುತ್ತದೆ. ಪುಕ್ಕಟೆ ಹಸುರೆಂದು ದನವನ್ನು ಅದರೊಳಗೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಹೂವಾಡುವವರೆಗೆ ಆ ಮೇವನ್ನು ಮುಟ್ಟಿಸದಿರುವುದೇ ಕ್ಷೇಮ.

ಸಾಲ ಮಾಡಿ ಮತ್ತೊಂದು ಹಸುವನ್ನು ತರುವ ಮುನ್ನ ಇರುವ ಹಸುಗಳ ಹಾಲನ್ನು ಬೇರೆಬೇರೆಯಾಗಿ ಒಂದು ವಾರ ಅಳೆದು ಬರೆದಿಡುವುದು ಉತ್ತಮ. ಯಾವುದಕ್ಕೆ ಎಷ್ಟು ಹಾಕಬೇಕೆಂಬುದನ್ನು ಆ ಲೆಕ್ಕವೇ ಹೇಳುತ್ತದೆ.