ಗಾಡಿಗೂ ಒಂದು ಪುಟ ಇರಲಿ

ಪೆಟ್ರೋಲ್ ದರ 2010ರಲ್ಲಿ, ಡೀಸೆಲ್ ದರ 2014ರಲ್ಲಿ ಸರಕಾರದ ನಿಯಂತ್ರಣದಿಂದ ಹೊರಬಂದವು. 2021ರಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿದ್ದನ್ನೂ ಕಂಡೆವು. ದರ ಇಳಿಸುವುದು ನಮ್ಮ ಕೈಯಲ್ಲಿಲ್ಲ. ಖರ್ಚು ಇಳಿಸುವುದು ಇದೆ.

ರಾಜ್ಯಗಳ ತೆರಿಗೆ ಬೇರೆ ಬೇರೆ. ಆದ್ದರಿಂದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಂಥ ಗಡಿಭಾಗದ ನಮಗೆ ಆಚೆ ಬದಿಯ ಪಂಪಿನ ಮೇಲೆ ಕಣ್ಣು. ಕೆಲಸದ ಮೇಲೆ ಹೋದಾಗ ತುಂಬಿಸಿದರೆ ಲಾಭವೇ. ಅದಕ್ಕೆಂದೇ ಹೋಗುವುದಾದರೆ ಲೆಕ್ಕ ಹಾಕಿ ನೋಡೋಣ. ಲೀಟರಿಗೆ 2 ರೂಪಾಯಿ ಉಳಿದರೆ 30 ಲೀಟರಿಗೆ 60 ರೂಪಾಯಿ. ಹೋಗಿಬರಲು 30 ಕಿ.ಮೀ. ಆದರೆ, ಲೀಟರಿಗೆ 15 ಕಿ.ಮೀ. ಕೊಡುವ ಗಾಡಿ 2 ಲೀಟರ್ ಸುಡುತ್ತದೆ. ಇದು ಯಾವ ವ್ಯಾಪಾರ?

ನಿಜವಾದ ಉಳಿತಾಯ ಓಡಿಸುವ ರೀತಿಯಲ್ಲಿದೆ. ಗಂಟೆಗೆ 45ರಿಂದ 55 ಕಿ.ಮೀ. ವೇಗವೇ ಮಿತವ್ಯಯದ್ದು ಎಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಹೇಳುತ್ತ ಬಂದಿದೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ಹೆಚ್ಚಿ, ಎಂಜಿನ್ ಹೆಚ್ಚು ಕುಡಿಯುತ್ತದೆ. ಟೈರಿನ ಗಾಳಿಯನ್ನು ತಪ್ಪದೆ ನೋಡಿಸಿರಿ. ಕ್ಲಚ್ ಮೇಲೆ ಕಾಲಿಟ್ಟೇ ಓಡಿಸಬೇಡಿರಿ. ರೈಲ್ವೆ ಗೇಟಿನಲ್ಲಿ, ಮಾಲು ಇಳಿಸುವಾಗ ಎಂಜಿನ್ ನಿಲ್ಲಿಸಿರಿ. ಮಾಲು ಕಳಿಸಲು ತಡಮಾಡಿ, ಆಮೇಲೆ ಡ್ರೈವರನಿಗೆ ಅವಸರ ಮಾಡಬೇಡಿರಿ. ಅರ್ಧ ಗಂಟೆ ಮೊದಲೇ ಕಳಿಸಿದರೆ ಡೀಸೆಲ್ಲೂ ಉಳಿದೀತು, ಜೀವವೂ ಉಳಿದೀತು.

ಕಿರ್ದಿಯಲ್ಲಿ ನಾಲ್ಕಾಣೆ ತಪ್ಪಿದರೂ ರಾತ್ರಿ ಕೂತು ಹುಡುಕುವವರು ನಾವು. ಈ ತಿಂಗಳಿಂದ ಗಾಡಿಗೂ ಒಂದು ಪುಟ ತೆಗೆಯೋಣ: ತುಂಬಿಸಿದ ಲೀಟರ್, ಓಡಿದ ಕಿಲೋಮೀಟರ್. ಸೋರಿಕೆ ಎಲ್ಲಿದೆ ಎಂಬುದನ್ನು ಆ ಪುಟವೇ ತೋರಿಸುತ್ತದೆ.