ಹಬ್ಬದ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯ ಬಳಿ ಯಾರಿರಬೇಕು?

ಸಮ್ಮೇಳನವೆಂದರೆ ಸಂಭ್ರಮ. ಇಂಥ ಸ್ಮರಣ ಸಂಚಿಕೆಯಲ್ಲಿ ಕಾಯಿಲೆ, ಆಸ್ಪತ್ರೆಗಳ ಪ್ರಸ್ತಾಪವೇಕೆ ಎಂದು ಕೆಲವರಿಗಾದರೂ ಅನ್ನಿಸೀತು. ಆದರೆ ಅಮೆರಿಕದ 1965ರ ವಲಸೆ ಕಾಯಿದೆಯ ತರುವಾಯ ಇಲ್ಲಿಗೆ ಬಂದು ನಮ್ಮ ಕನ್ನಡ ಕೂಟಗಳನ್ನು ಕಟ್ಟಿದ ಹಿರಿಯರಲ್ಲಿ ಅನೇಕರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ಬಂದು, ಗ್ರೀನ್ ಕಾರ್ಡ್ ಪಡೆದು, ಮಕ್ಕಳೊಡನೆಯೇ ಉಳಿದ ತಂದೆತಾಯಿಗಳೂ ಮಾಗಿದ್ದಾರೆ. ಈ ಎರಡು ಬಗೆಯ ಹಿರಿಯರಿರುವ ಮನೆಗಳಿಗೆ ಆಸ್ಪತ್ರೆಯ ದಾರಿ ಇನ್ನು ಅಪರಿಚಿತವಲ್ಲ.

ಆ ದಾರಿ ಅತ್ಯಂತ ದುರ್ಗಮವಾಗುವುದು ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸವರ್ಷದವರೆಗಿನ ವಾರಗಳಲ್ಲಿ. ಕಾಯಿಲೆ ಪಂಚಾಂಗ ನೋಡಿ ಬರುವುದಿಲ್ಲ. ಆದರೆ ವೈದ್ಯರ ರಜೆ ಪಂಚಾಂಗದಂತೆಯೇ ನಡೆಯುತ್ತದೆ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ನಡೆದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಂಕಿಗಳಲ್ಲಿ ತೋರಿಸಿದೆ. ಡಿಸೆಂಬರ್ ರಜೆಯ ಎರಡು ವಾರಗಳಲ್ಲಿ ಮನೆಗೆ ಮರಳಿದ ರೋಗಿಗಳಲ್ಲಿ ಏಳು ದಿನಗಳೊಳಗೆ ವೈದ್ಯರನ್ನು ಮತ್ತೆ ಕಂಡವರು ಶೇಕಡಾ 36.3 ಮಾತ್ರ, ಉಳಿದ ಕಾಲದಲ್ಲಿ ಅದು ಶೇಕಡಾ 47.8. ಮೂವತ್ತು ದಿನಗಳೊಳಗೆ ತೀರಿಕೊಂಡವರು, ಇಲ್ಲವೇ ಮತ್ತೆ ಆಸ್ಪತ್ರೆಗೆ ಮರಳಿದವರು ಶೇಕಡಾ 24.7ರಿಂದ 25.9ಕ್ಕೆ ಏರಿದ್ದರು. ವ್ಯತ್ಯಾಸ ಚಿಕ್ಕದು; ಆದರೆ ಅದು ಯಾರ ಮನೆಯ ತಾಯಿಯದೆಂದು ಮೊದಲೇ ಹೇಳಬಲ್ಲವರಾರು?

ಈ ವಾರಗಳಲ್ಲಿ ಹಾಸಿಗೆಯ ಬಳಿ ನಮ್ಮವರೊಬ್ಬರು ಕುಳಿತಿರುವುದು ಕೇವಲ ಸಾಂತ್ವನದ ಮಾತಲ್ಲ, ಶುಶ್ರೂಷೆಯ ಅಂಗವೇ ಹೌದು. ಆಸ್ಪತ್ರೆಗೆ ಸೇರಿದ ವೃದ್ಧರಿಗೆ ಇದ್ದಕ್ಕಿದ್ದಂತೆ ಬುದ್ಧಿಭ್ರಮಣೆ ಉಂಟಾಗುವುದು ಸಾಮಾನ್ಯ. ವೈದ್ಯರು ಇದನ್ನು ಡೆಲಿರಿಯಮ್ ಎನ್ನುತ್ತಾರೆ. ಸಂಜೆಯಾಗುತ್ತಲೇ ಇದು ಹೆಚ್ಚುತ್ತದೆ. ತಾವೆಲ್ಲಿದ್ದೇವೆಂಬುದೇ ಅವರಿಗೆ ತಿಳಿಯದಾಗುತ್ತದೆ. ಇದಕ್ಕೆ ಮದ್ದಿಗಿಂತ ಮಿಗಿಲಾದುದು ಮನುಷ್ಯರ ಸಾಮೀಪ್ಯ. ಯೇಲ್ ವಿಶ್ವವಿದ್ಯಾಲಯದ ತಜ್ಞರು ಎಪ್ಪತ್ತು ದಾಟಿದ 852 ರೋಗಿಗಳನ್ನು ಕುರಿತು ಮಾಡಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾದಿಯರು ಮತ್ತು ತರಬೇತಾದ ಸ್ವಯಂಸೇವಕರು ಕೂಡಿ ಕೆಲವು ಸರಳ ಕೆಲಸಗಳನ್ನು ಮಾಡಿದರು: ದಿನ, ಸ್ಥಳಗಳನ್ನು ನೆನಪಿಸಿ ಮಾತನಾಡಿಸುವುದು, ಕನ್ನಡಕ ಮತ್ತು ಕಿವಿಯ ಯಂತ್ರ ಕೈಗೆಟುಕುವಂತಿಡುವುದು, ನೀರು ಕುಡಿಸುವುದು, ನಡೆದಾಡಿಸುವುದು, ರಾತ್ರಿ ನಿದ್ರೆಗೆ ಅನುಕೂಲ ಕಲ್ಪಿಸುವುದು. ಭ್ರಮಣೆಗೆ ಒಳಗಾದವರ ಪ್ರಮಾಣ ಶೇಕಡಾ 15ರಿಂದ 9.9ಕ್ಕೆ ಇಳಿಯಿತು. ಇವುಗಳಲ್ಲಿ ನಮ್ಮ ಕೂಟದ ಸದಸ್ಯರು ಕಲಿತು ಮಾಡಲಾಗದ ಕೆಲಸ ಯಾವುದಿದೆ?

ಕನ್ನಡಿಗರ ಪಾಲಿಗೆ ಇನ್ನೊಂದು ತೊಡಕಿದೆ. ನಲವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದವರೂ ಜ್ವರದ ತಾಪದಲ್ಲಿ ತಾಯ್ನುಡಿಗೆ ಮರಳುವುದುಂಟು. 'ಹೊಟ್ಟೆ ತೊಳಸುತ್ತಿದೆ', 'ಎದೆ ಹಿಡಿದಂತಾಗಿದೆ' ಎಂಬ ಮಾತುಗಳ ನಡುವಿನ ಅಂತರ ದಾದಿಗೆ ತಿಳಿಯಬೇಕಾದರೆ ದುಭಾಷಿ ಬೇಕು. ಒಕ್ಕೂಟ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗಳಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂಬುದು ಕಾನೂನು. ಹೆಚ್ಚಾಗಿ ಇದು ದೂರವಾಣಿ ಅಥವಾ ವಿಡಿಯೋ ಮೂಲಕ ನಡೆಯುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ. ಹತ್ತು ವರ್ಷದ ಮೊಮ್ಮಗಳ ಬಾಯಿಂದ ಅಜ್ಜನ ಕ್ಯಾನ್ಸರ್ ಸುದ್ದಿಯನ್ನು ಅಜ್ಜನಿಗೆ ಹೇಳಿಸುವುದಂತೂ ಸಲ್ಲದು.

ಮಕ್ಕಳ ಪರಿಸ್ಥಿತಿಯನ್ನೂ ನೋಡಬೇಕು. 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯಿದೆಯು ಅರ್ಹರಿಗೆ ತಂದೆತಾಯಿಯ ಗಂಭೀರ ಕಾಯಿಲೆಯಲ್ಲಿ ವರ್ಷಕ್ಕೆ ಹನ್ನೆರಡು ವಾರಗಳ ವೇತನರಹಿತ ರಜೆ ಕೊಡುತ್ತದೆ; ಅಗತ್ಯವಿದ್ದರೆ ಬಿಡಿಬಿಡಿಯಾಗಿಯೂ ಪಡೆಯಬಹುದು. ಆದರೆ ಖಾಸಗಿ ಸಂಸ್ಥೆಗಳ ಪೈಕಿ ಐವತ್ತಕ್ಕಿಂತ ಕಡಿಮೆ ನೌಕರರಿರುವವಕ್ಕೆ ಅದು ಅನ್ವಯಿಸದು. ಅತ್ತೆಮಾವಂದಿರ ಶುಶ್ರೂಷೆಗೂ ಅದರಲ್ಲಿ ಅವಕಾಶವಿಲ್ಲ. ಅತ್ತೆಯ ಹಾಸಿಗೆಯ ಬಳಿ ಸೊಸೆಯೇ ಕೂರುವ ನಮ್ಮ ಮನೆಗಳಿಗೆ ಇದು ದೊಡ್ಡ ಕೊರತೆ. ಕಾನೂನು ಕೈಬಿಟ್ಟ ಈ ಜಾಗದಲ್ಲಿಯೇ ಸಮಾಜ ಕೈಹಿಡಿಯಬೇಕು.

ಮನೆಯವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ರೋಗಿಯನ್ನು ವಿಧಿವತ್ತಾಗಿ ದಾಖಲು ಮಾಡಿಕೊಂಡಿದ್ದಾರೆಯೇ, ಅಥವಾ ಕೇವಲ 'ಅಬ್ಸರ್ವೇಶನ್' ಎಂದು ಇರಿಸಿಕೊಂಡಿದ್ದಾರೆಯೇ? ಮೂಲ ಮೆಡಿಕೇರ್ ಯೋಜನೆಯಲ್ಲಿ, ಆಸ್ಪತ್ರೆಯ ನಂತರದ ಶುಶ್ರೂಷಾಗೃಹದ ವೆಚ್ಚ ದೊರೆಯಬೇಕಾದರೆ ಸಾಮಾನ್ಯವಾಗಿ ಸತತ ಮೂರು ದಿನ ಒಳರೋಗಿಯಾಗಿರಬೇಕು. ಅಬ್ಸರ್ವೇಶನ್‌ನಲ್ಲಿ ಕಳೆದ ದಿನಗಳು ಲೆಕ್ಕಕ್ಕಿಲ್ಲ. ಹಬ್ಬದ ಗಡಿಬಿಡಿಯಲ್ಲಿ ಈ ಒಂದು ಮಾತು ಮರೆತರೆ ಸಾವಿರಾರು ಡಾಲರುಗಳ ಹೊರೆ ಹೆಗಲೇರೀತು.

ನನ್ನ ಸಲಹೆ ಇಷ್ಟೇ. ನಮ್ಮ ಪ್ರತಿಯೊಂದು ಕೂಟದಲ್ಲಿ ಊಟದ ಸಮಿತಿಯಿದೆ, ರಂಗಸಜ್ಜಿಕೆಯ ಸಮಿತಿಯಿದೆ. ಅವುಗಳ ಜೊತೆಗೆ ಶುಶ್ರೂಷಾ ಸಮಿತಿಯೊಂದು ಇರಲಿ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದೊಡನೆ ಚದುರಿಹೋಗುವ ಬದಲು, ಹೊಸವರ್ಷದವರೆಗೆ ಯಾವ ದಿನ ಯಾರು ಊರಿನಲ್ಲಿರುತ್ತಾರೆಂಬ ಪಟ್ಟಿ ಸಿದ್ಧವಾಗಲಿ. ಒಬ್ಬರು ಸಂಜೆ ಎರಡು ಗಂಟೆ ಕುಳಿತರೆ ಮಗ ಮನೆಗೆ ಹೋಗಿ ಸ್ನಾನ ಮಾಡಿ ಬಂದಾನು. ಇನ್ನೊಬ್ಬರು ಮನೆಯ ಮಕ್ಕಳಿಗೆ ಊಟ ಹಾಕಿಯಾರು. ಕೆಮ್ಮು ನೆಗಡಿ ಇದ್ದವರು ದೂರವಿರಲಿ. ಸಿಹಿತಿಂಡಿ, ಉಪ್ಪಿನಕಾಯಿಗಳನ್ನು ದಾದಿಯನ್ನು ಕೇಳದೆ ಒಯ್ಯಬಾರದು. ಕೇಳಿದ ಮೇಲೆ ಒಂದು ತುತ್ತು ಮೊಸರನ್ನ, ಕಿವಿಯ ಬಳಿ ಮೆಲುದನಿಯಲ್ಲಿ ಒಂದು ದೇವರನಾಮ: ಹಬ್ಬಕ್ಕೆ ಅಷ್ಟು ಸಾಕು.

ಇದಕ್ಕೆ ದೊಡ್ಡ ಅಡ್ಡಿ ನಮ್ಮದೇ ಸಂಕೋಚ. 'ಹಬ್ಬದ ಹೊತ್ತಿನಲ್ಲಿ ಇತರರಿಗೇಕೆ ತೊಂದರೆ' ಎಂದು ಕಾಯಿಲೆಯನ್ನು ಮುಚ್ಚಿಡುವ ಸಂಸಾರಗಳು ನಮ್ಮಲ್ಲಿ ಅನೇಕ. ರೋಗದ ಹೆಸರು, ವಿವರಗಳನ್ನು ಯಾರಿಗೂ ಹೇಳಬೇಕಿಲ್ಲ. ಅದು ರೋಗಿಯ ಸ್ವಂತ ವಿಷಯ. 'ನಾಳೆ ಸಂಜೆ ಯಾರಾದರೂ ಬಂದು ಕೂರುವಿರಾ?' ಎಂದು ಕೇಳಿದರೆ ಸಾಲದೇ? ಕೇಳಿದವರ ಮಾನ ಹೋಗದಂತೆ, ಬಂದವರು ಪ್ರಶ್ನೆಗಳ ಮಳೆ ಸುರಿಸದಂತೆ ನೋಡಿಕೊಳ್ಳುವುದೂ ಸಮಿತಿಯ ಹೊಣೆಯೇ.

ಮಾನ್ಯ ಪ್ರತಿನಿಧಿಗಳೇ, ಮುಂದಿನ ಸಮ್ಮೇಳನಕ್ಕೆ ಇನ್ನು ಎರಡು ವರ್ಷ. ಅಷ್ಟರಲ್ಲಿ ಎರಡು ಚಳಿಗಾಲಗಳು ಬಂದುಹೋಗುತ್ತವೆ. ಈ ಮೂರು ದಿನಗಳ ಸಡಗರದ ನಡುವೆ ನಿಮ್ಮೂರಿನ ಹತ್ತು ಜನ ಒಂದೆಡೆ ಕುಳಿತು, ಹೆಸರು ಮತ್ತು ದೂರವಾಣಿ ಸಂಖ್ಯೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರೆಂದು ಪ್ರಾರ್ಥಿಸುತ್ತೇನೆ.