ಸ್ಕ್ಯಾನ್ ಮಾಡಿಟ್ಟರೆ ದಾಖಲೆ ಭದ್ರವೇ? ಡಾಕ್ಯುಮೆಂಟಮ್ ಕಂಪನಿಯ ಕಥೆ ಹೇಳುವುದೇನು

ಕಾಗದದ ಪ್ರತಿ ತೆಗೆಸುವುದಕ್ಕೆ ನಮ್ಮಲ್ಲಿ ‘ಜೆರಾಕ್ಸ್ ಮಾಡಿಸುವುದು’ ಎಂದೇ ಹೆಸರು. ಅದು ಅಮೆರಿಕದ ಒಂದು ಕಂಪನಿಯ ಹೆಸರು ಎಂಬುದು ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ. ಸೋಜಿಗವೆಂದರೆ, ಕಾಗದವಿಲ್ಲದ ಕಚೇರಿಯ ಕನಸು ಕಂಡವರಲ್ಲಿ ಇದೇ ಕಂಪನಿಯವರೂ ಇದ್ದರು. 1975ರಲ್ಲಿ ಅಮೆರಿಕದ ‘ಬಿಸಿನೆಸ್ ವೀಕ್’ ಪತ್ರಿಕೆ ಭವಿಷ್ಯದ ಕಚೇರಿಯ ಕುರಿತು ಲೇಖನವೊಂದನ್ನು ಪ್ರಕಟಿಸಿತು. ಇಪ್ಪತ್ತು ವರ್ಷಗಳಲ್ಲಿ ತಮ್ಮ ಮೇಜಿನ ಮೇಲೆ ಟಿವಿಯಂಥ ಪರದೆ ಮತ್ತು ಕೀಲಿಮಣೆ ಇರುತ್ತವೆ, ಗುಂಡಿ ಒತ್ತಿದರೆ ಬೇಕಾದ ಕಡತ ಎದುರಿಗೆ ಬರುತ್ತದೆ ಎಂದು ಜೆರಾಕ್ಸ್‌ನ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದ ಮುಖ್ಯಸ್ಥ ಜಾರ್ಜ್ ಪೇಕ್ ಅದರಲ್ಲಿ ಹೇಳಿದ್ದರು.

ಪರದೆ ಬಂತು, ಕೀಲಿಮಣೆಯೂ ಬಂತು. ಆದರೆ ಕಾಗದ ಹೋಗಲಿಲ್ಲ. ಕಚೇರಿಗಳ ಕೆಲಸದ ರೀತಿಯನ್ನು ಅಧ್ಯಯನ ಮಾಡಿದ ಅಬಿಗೇಲ್ ಸೆಲೆನ್ ಮತ್ತು ರಿಚರ್ಡ್ ಹಾರ್ಪರ್, ಇ-ಮೇಲ್ ಬಂದ ಸಂಸ್ಥೆಗಳಲ್ಲಿ ಕಾಗದದ ಬಳಕೆ ಸರಾಸರಿ ಶೇ. 40ರಷ್ಟು ಹೆಚ್ಚಿದ್ದನ್ನು ಗುರುತಿಸಿದರು. ಬಂದ ಪತ್ರವನ್ನೆಲ್ಲ ಜನ ಪ್ರಿಂಟ್ ತೆಗೆದು ಓದುತ್ತಿದ್ದರು. ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಒಂದೇ ದಾಖಲೆಗೆ ಹತ್ತಾರು ಪ್ರತಿ ಹುಟ್ಟಿಕೊಂಡು, ಅವುಗಳಲ್ಲಿ ಸರಿಯಾದದ್ದು ಯಾವುದು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

‘ಕಂಪ್ಯೂಟರಿಗೆ ಹಾಕಿಟ್ಟರೆ ಮುಗಿಯಿತು, ದಾಖಲೆ ಭದ್ರ’ ಎಂಬ ನಂಬಿಕೆ ಇಂದಿಗೂ ಇದೆ. ಅದು ಏಕೆ ಅರ್ಧ ಸತ್ಯ ಎಂದು ತಿಳಿಯಲು ಡಾಕ್ಯುಮೆಂಟಮ್ ಎಂಬ ಕಂಪನಿಯ ಕಥೆ ನೋಡಬಹುದು.

ಪಟ್ಟಿಗೆ ಒಗ್ಗದ ಮಾಹಿತಿ

ಹೋವರ್ಡ್ ಶಾವೊ ಮತ್ತು ಜಾನ್ ನ್ಯೂಟನ್ ಇಬ್ಬರೂ ಇಂಗ್ರೆಸ್ ಎಂಬ ಡೇಟಾಬೇಸ್ ಕಂಪನಿಯಲ್ಲಿ ಕೆಲಸ ಮಾಡಿದವರು. ಡೇಟಾಬೇಸ್ ಎಂದರೆ ಸಾಲು ಮತ್ತು ಕಂಬಗಳಲ್ಲಿ ಜೋಡಿಸಿದ ಪಟ್ಟಿ ಎಂದುಕೊಳ್ಳಿ. ಬ್ಯಾಂಕ್ ಖಾತೆಯ ಸಂಖ್ಯೆ, ಹೆಸರು, ಬಾಕಿ ಹಣ ಇವೆಲ್ಲ ಅದರಲ್ಲಿ ಚೆನ್ನಾಗಿ ಕೂರುತ್ತವೆ. ಆದರೆ ಒಪ್ಪಂದ ಪತ್ರ, ಯಂತ್ರದ ಕೈಪಿಡಿ, ಪ್ರಯೋಗದ ವರದಿ ಹಾಗೆ ಕೂರುವುದಿಲ್ಲ. ಸಂಸ್ಥೆಗಳ ನಿಜವಾದ ತಿಳಿವಳಿಕೆ ಹೆಚ್ಚಾಗಿ ಇರುವುದು ಇಂಥ ಬರಹಗಳಲ್ಲೇ. ಇವನ್ನೂ ಡೇಟಾಬೇಸಿನಷ್ಟೇ ಶಿಸ್ತಿನಿಂದ ಇಡುವುದು ಹೇಗೆ ಎಂಬ ಪ್ರಶ್ನೆಯಿಂದ, ಜೆರಾಕ್ಸ್‌ನ ಬೆಂಬಲದೊಂದಿಗೆ, 1990ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾಕ್ಯುಮೆಂಟಮ್ ಆರಂಭವಾಯಿತು.

ಮೊದಲ ಗಿರಾಕಿಗಳು ಇಬ್ಬರು. ಒಬ್ಬರು ವಿಮಾನ ತಯಾರಿಸುವ ಬೋಯಿಂಗ್. ಆಗ ಸಿದ್ಧವಾಗುತ್ತಿದ್ದ 777 ವಿಮಾನದ ತರಬೇತಿ ಕೈಪಿಡಿಗಳು ಸಾವಿರಾರು ಪುಟಗಳಿದ್ದವು. ವಿಮಾನದ ಒಂದು ಭಾಗದ ವಿನ್ಯಾಸ ಬದಲಾದರೆ ಅದನ್ನು ವಿವರಿಸುವ ಪುಟಗಳೆಲ್ಲ ಬದಲಾಗಬೇಕು. ಕಲಿಯುವವರ ಕೈಗೆ ಹಳೆಯ ಪುಟ ಸಿಕ್ಕರೆ ಆಗುವ ಅಪಾಯ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಬ್ಬರು ಸಿಂಟೆಕ್ಸ್. ನೋವು ನಿವಾರಕ ನ್ಯಾಪ್ರೋಕ್ಸೆನ್ ಅನ್ನು ಅಭಿವೃದ್ಧಿಪಡಿಸಿದ ಔಷಧ ಕಂಪನಿ ಇದು. ಅಮೆರಿಕದಲ್ಲಿ ಹೊಸ ಔಷಧ ಮಾರಬೇಕಾದರೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಅರ್ಜಿ ಸಲ್ಲಿಸಬೇಕು. ಪ್ರಯೋಗಾಲಯದ ಫಲಿತಾಂಶ, ರೋಗಿಗಳ ಮೇಲಿನ ಪರೀಕ್ಷೆಯ ವಿವರ, ತಯಾರಿಕೆಯ ವಿಧಾನ ಎಲ್ಲವೂ ಸೇರಿ ಒಂದು ಅರ್ಜಿಯೇ ಲಕ್ಷಾಂತರ ಪುಟ ಆಗುತ್ತಿತ್ತು. ಈ ಅರ್ಜಿಯನ್ನು ಜೋಡಿಸುವ ಕೆಲಸವನ್ನು ಡಾಕ್ಯುಮೆಂಟಮ್ ಕಂಪ್ಯೂಟರಿಗೆ ವಹಿಸಿತು.

ಇದು ಕೆಲಸ ಮಾಡುವ ಬಗೆ

ಈ ಎರಡು ಅನುಭವಗಳ ಮೇಲೆ ಕಂಪನಿ 1993ರಲ್ಲಿ ತನ್ನ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಇಂಥ ವ್ಯವಸ್ಥೆಗಳ ಮೂಲ ತತ್ವ ಸರಳ. ಫೈಲನ್ನು ಒಂದು ಕಡೆ ಇಟ್ಟು, ಅದರ ಜಾತಕವನ್ನು ಡೇಟಾಬೇಸಿನಲ್ಲಿ ಬರೆದಿಡುವುದು. ಬರೆದವರು ಯಾರು, ಯಾವ ವಿಷಯ, ಯಾವ ದಿನ, ಯಾರು ಓದಬಹುದು, ಯಾರು ತಿದ್ದಬಹುದು ಎಂಬುದೆಲ್ಲ ಆ ಜಾತಕದಲ್ಲಿರುತ್ತದೆ.

ಗ್ರಂಥಾಲಯದ ಪುಸ್ತಕದಂತೆ, ತಿದ್ದಬೇಕಾದವರು ದಾಖಲೆಯನ್ನು ತಮ್ಮ ಹೆಸರಿನಲ್ಲಿ ಎರವಲು ಪಡೆಯುತ್ತಾರೆ. ಅವರು ಹಿಂದಿರುಗಿಸುವವರೆಗೆ ಇನ್ನೊಬ್ಬರು ತಿದ್ದುವಂತಿಲ್ಲ. ಹಿಂದಿರುಗಿಸಿದಾಗ ಹಳೆಯದು ಅಳಿಯುವುದಿಲ್ಲ, ಹೊಸ ಆವೃತ್ತಿ ಹುಟ್ಟುತ್ತದೆ. ಕರಡು, ಪರಿಶೀಲನೆ, ಒಪ್ಪಿಗೆ ಎಂಬ ಹಂತಗಳನ್ನು ದಾಟಿದ ಮೇಲಷ್ಟೇ ಅದು ಅಧಿಕೃತ. ಯಾರು ಯಾವಾಗ ಏನು ಮಾಡಿದರು ಎಂಬ ದಿನಚರಿಯನ್ನೂ ವ್ಯವಸ್ಥೆಯೇ ಬರೆದುಕೊಳ್ಳುತ್ತದೆ.

ಬರೀ ಸ್ಕ್ಯಾನ್ ಮಾಡಿಟ್ಟ ಚಿತ್ರದಲ್ಲಿ ಇವು ಯಾವುವೂ ಇರುವುದಿಲ್ಲ. ಅದು ಕಾಗದದ ಫೋಟೊ, ಅಷ್ಟೆ. ಆ ಕಾಗದ ಈಗಲೂ ಜಾರಿಯಲ್ಲಿದೆಯೇ, ರದ್ದಾಗಿದೆಯೇ ಎಂದು ಫೋಟೊ ಹೇಳಲಾರದು.

ಔಷಧ ಕಂಪನಿಗಳೇ ಏಕೆ?

ಡಾಕ್ಯುಮೆಂಟಮ್ ಎಲ್ಲರಿಗೂ ಎಲ್ಲವನ್ನೂ ಮಾರಲು ಹೋಗಲಿಲ್ಲ. ದೊಡ್ಡ ಔಷಧ ಕಂಪನಿಗಳ ಅರ್ಜಿ ಸಲ್ಲಿಸುವ ವಿಭಾಗಗಳನ್ನೇ ಮೊದಲು ಗುರಿಯಾಗಿಸಿಕೊಂಡಿತು. ಔಷಧದ ಪೇಟೆಂಟ್ ಅವಧಿಗೆ ಮಿತಿ ಇದೆ. ಅರ್ಜಿ ತಡವಾದಷ್ಟೂ ಏಕಸ್ವಾಮ್ಯದ ದಿನಗಳು ಕಳೆದುಹೋಗುತ್ತವೆ, ಜೊತೆಗೆ ಭಾರೀ ಆದಾಯವೂ. ಹೀಗಾಗಿ ಆ ವಿಭಾಗಗಳಿಗೆ ಕಡತ ನಿರ್ವಹಣೆ ಕಚೇರಿಯ ಅಚ್ಚುಕಟ್ಟಿನ ವಿಷಯವಾಗಿರದೆ ಲಾಭ ನಷ್ಟದ ವಿಷಯವಾಗಿತ್ತು. ಅಲ್ಲಿ ಬೇರೂರಿದ ಮೇಲೆ ಕಂಪನಿ ಬೇರೆ ಉದ್ಯಮಗಳತ್ತ ಹೊರಳಿತು. 1996ರಲ್ಲಿ ನಾಸ್ಡಾಕ್ ಷೇರುಪೇಟೆಗೂ ಬಂತು. ಹೊಸ ತಂತ್ರಜ್ಞಾನ ಮಾರುವವರು ಸಣ್ಣ ಗುಂಪೊಂದರ ದೊಡ್ಡ ತೊಂದರೆಯನ್ನು ಮೊದಲು ಬಗೆಹರಿಸಬೇಕು ಎನ್ನಲು ಮಾರುಕಟ್ಟೆ ತಜ್ಞ ಜೆಫ್ರಿ ಮೂರ್ ಇದೇ ಕಂಪನಿಯನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ.

ಕಾನೂನೂ ಇದಕ್ಕೆ ಒತ್ತು ಕೊಟ್ಟಿತು. 1997ರಲ್ಲಿ ಎಫ್‌ಡಿಎ ಎಲೆಕ್ಟ್ರಾನಿಕ್ ದಾಖಲೆ ಮತ್ತು ಸಹಿಗಳಿಗೆ ‘ಭಾಗ 11’ ಎಂಬ ನಿಯಮ ಜಾರಿ ಮಾಡಿತು. ದಾಖಲೆ ಬದಲಾದಾಗ ಹಳೆಯ ಮಾಹಿತಿ ಮರೆಯಾಗಬಾರದು, ಬದಲಾವಣೆಯ ದಿನಾಂಕ ಮತ್ತು ಸಮಯ ತಾನಾಗಿ ದಾಖಲಾಗಬೇಕು, ಸಹಿಯನ್ನು ಒಂದು ದಾಖಲೆಯಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಲು ಆಗಬಾರದು ಎಂದು ಅದು ಹೇಳುತ್ತದೆ. ಅಮೆರಿಕಕ್ಕೆ ಔಷಧ ಕಳಿಸುವ ಭಾರತದ ಕಂಪನಿಗಳಿಗೂ ಈ ನಿಯಮ ಅನ್ವಯಿಸುತ್ತದೆ.

ತಂತ್ರಾಂಶಕ್ಕೆ ಆಗದ ಕೆಲಸ

ಹಾಗಾದರೆ ಒಳ್ಳೆಯ ತಂತ್ರಾಂಶ ಇದ್ದರೆ ದಾಖಲೆ ಸತ್ಯವಾಗಿರುತ್ತದೆಯೇ? ಇಲ್ಲ. ಭಾರತದ ರಾನ್‌ಬ್ಯಾಕ್ಸಿ ಕಂಪನಿಯ ಪ್ರಕರಣ ನೆನಪಿಸಿಕೊಳ್ಳಿ. 2013ರಲ್ಲಿ ಅದರ ಅಮೆರಿಕದ ಅಂಗಸಂಸ್ಥೆ, ಎಫ್‌ಡಿಎಗೆ ಸುಳ್ಳು ಹೇಳಿಕೆ ಕೊಟ್ಟದ್ದೂ ಸೇರಿದಂತೆ ಹಲವು ಆರೋಪಗಳಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಸುಳ್ಳು ಅಂಕಿ ಬರೆಯುವ ಕೈಯನ್ನು ಯಾವ ತಂತ್ರಾಂಶವೂ ಹಿಡಿದು ನಿಲ್ಲಿಸುವುದಿಲ್ಲ. ಸುಳ್ಳನ್ನೂ ಅದು ನಿಜದಷ್ಟೇ ಜೋಪಾನವಾಗಿ ಕಾಯುತ್ತದೆ. ಬರೆದವರು ಯಾರು, ಯಾವಾಗ ಎಂಬ ಜಾಡು ಉಳಿಯುವುದರಿಂದ ತನಿಖೆಗೆ ನೆರವಾಗಬಲ್ಲದು, ಅಷ್ಟರಮಟ್ಟಿಗೆ ಅದರ ಉಪಕಾರ.

ಎರಡನೆಯ ಮಿತಿ ಜನರ ಅಭ್ಯಾಸ. ವ್ಯವಸ್ಥೆ ಕಠಿಣವಾದಷ್ಟೂ ಅದನ್ನು ಬಳಸಿ ಹೋಗುವ ದಾರಿಯನ್ನು ಜನ ಹುಡುಕುತ್ತಾರೆ. ಎರವಲು ಪಡೆದು ತಿದ್ದುವ ರಗಳೆ ಯಾಕೆಂದು ಫೈಲನ್ನು ಇ-ಮೇಲ್‌ನಲ್ಲಿ ಕಳಿಸಿ ತಿದ್ದಿಸಿದರೆ ಹಳೆಯ ಕಥೆಯೇ ಮತ್ತೆ ಶುರು.

ಮೂರನೆಯದು ಕಾಲ. ಡಾಕ್ಯುಮೆಂಟಮ್ ಅನ್ನು 2003ರಲ್ಲಿ ಇಎಂಸಿ ಕಂಪನಿ ಸುಮಾರು 170 ಕೋಟಿ ಡಾಲರ್‌ಗೆ ಕೊಂಡಿತು. 2016ರಲ್ಲಿ ಇಎಂಸಿಯನ್ನೇ ಡೆಲ್ ಕೊಂಡಿತು. 2017ರಲ್ಲಿ ಡಾಕ್ಯುಮೆಂಟಮ್ 162 ಕೋಟಿ ಡಾಲರ್‌ಗೆ ಕೆನಡಾದ ಓಪನ್‌ಟೆಕ್ಸ್ಟ್ ಪಾಲಾಯಿತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಕಂಪ್ಯೂಟರಿನಲ್ಲಿ ಹುಡುಕುವಂತೆ ಮಾಡಲು ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ನಡೆದ ಕೆಲಸದಿಂದ ಹುಟ್ಟಿದ ಕಂಪನಿ ಇದು. ಬೆಂಗಳೂರಿನಲ್ಲೂ ಇದರ ಕಚೇರಿ ಇದೆ. ಸ್ಥಾಪಕ ನ್ಯೂಟನ್ 2005ರಲ್ಲಿ ಅಲ್‌ಫ್ರೆಸ್ಕೊ ಎಂಬ ಮುಕ್ತ ತಂತ್ರಾಂಶ ಕಂಪನಿ ಕಟ್ಟಲು ಜೊತೆಯಾದರು.

ಒಡೆತನ ಹೀಗೆ ಬದಲಾದರೂ ಒಳಗಿನ ದಾಖಲೆಗಳು ದಶಕಗಳ ಕಾಲ ಬದುಕಬೇಕು. ಕಂಪನಿ ಮುಚ್ಚಿದರೂ ಫೈಲು ತೆರೆಯಬೇಕು. ಅದಕ್ಕಾಗಿಯೇ, ದೀರ್ಘಕಾಲ ಉಳಿಯಬೇಕಾದ ಫೈಲುಗಳಿಗೆಂದು ಪಿಡಿಎಫ್-ಎ ಎಂಬ ಮಾದರಿಯನ್ನು 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಒಪ್ಪಲಾಯಿತು. ಅಕ್ಷರ ವಿನ್ಯಾಸ ಸೇರಿದಂತೆ ಓದಲು ಬೇಕಾದ್ದೆಲ್ಲ ಆ ಫೈಲಿನೊಳಗೇ ಇರಬೇಕೆಂಬುದು ಅದರ ನಿಯಮ.

ನಮಗೆ ಇದರಿಂದ ಏನು?

ನಮ್ಮ ಫೋನಿನಲ್ಲೂ ಇದೇ ವ್ಯತ್ಯಾಸ ಇದೆ. ಸರ್ಕಾರದ ಡಿಜಿಲಾಕರ್‌ನಲ್ಲಿ ಎರಡು ಬಗೆಯ ದಾಖಲೆ ಇರುತ್ತವೆ. ನೀವೇ ಸ್ಕ್ಯಾನ್ ಮಾಡಿ ಸೇರಿಸಿದ್ದು ಒಂದು, ಕೊಡುವ ಇಲಾಖೆಯಿಂದ ನೇರವಾಗಿ ಬಂದದ್ದು ಇನ್ನೊಂದು. ಮೊದಲನೆಯದು ನಿಮ್ಮ ಕಾಗದದ ಫೋಟೊ. ಎರಡನೆಯದಕ್ಕೆ ಇಲಾಖೆಯ ದಾಖಲೆಯೇ ಆಧಾರ. ಹಾಗಾಗಿ ಚಾಲನಾ ಪರವಾನಗಿ, ಅಂಕಪಟ್ಟಿಯಂಥವು ಇಲಾಖೆಯಿಂದ ನೇರವಾಗಿ ಸಿಗುವಂತಿದ್ದರೆ ಅವನ್ನೇ ಪಡೆದುಕೊಳ್ಳಿ.

ಮನೆಯ ಆಸ್ತಿ ಪತ್ರ, ವಿಮೆ, ಆಸ್ಪತ್ರೆ ವರದಿಗಳನ್ನು ಸ್ಕ್ಯಾನ್ ಮಾಡಿಡುವುದು ಒಳ್ಳೆಯದೇ. ಮೂಲ ಪ್ರತಿಯನ್ನು ಮಾತ್ರ ಎಸೆಯಬೇಡಿ. ಫೈಲಿನ ಹೆಸರಿನಲ್ಲಿ ವಿಷಯ ಮತ್ತು ದಿನಾಂಕ ಬರೆಯಿರಿ. ಎರಡು ಬೇರೆ ಜಾಗದಲ್ಲಿ ಇಡಿ. ವೈದ್ಯರಿಗೆ ಹಳೆಯ ಔಷಧ ಚೀಟಿ ತೋರಿಸುವ ಮುನ್ನ ಅದಾದ ಮೇಲೆ ಹೊಸದು ಬಂದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.